ಅಳಿವೆ ದಾಟುವ ದಾರಿಗಳು: ಕರಾವಳಿಯ ರಸ್ತೆ ಸೈಕ್ಲಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಿಂದ ಕಾರವಾರದವರೆಗಿನ ಕಡಲಂಚು, ಅದಕ್ಕೆ ಅಡ್ಡ ಬರುವ ಹೊಳೆಗಳು, ಹಿಂದೆ ನಿಂತ ಘಟ್ಟ. ಇಷ್ಟರೊಳಗೆ ಸೈಕಲ್ ತುಳಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ದೂರಗಳೆಲ್ಲ ಅಂದಾಜು, ಊರೊಳಗೆ ಎಲ್ಲಿಂದ ಹೊರಡುತ್ತೀರಿ ಎನ್ನುವುದರ ಮೇಲೆ ನಾಲ್ಕೈದು ಕಿಲೋಮೀಟರ್ ಆಚೀಚೆ ಆಗುತ್ತದೆ.

## ಹೊರಡುವ ಮೊದಲು

ಕರಾವಳಿ ಅಂದ್ರೆ ಸಮತಟ್ಟು ತಾನೆ? ಹೊಸಬರಿಗೆ ಸುಲಭ ಅಲ್ವಾ?

ಕಡಲಿಗೆ ಅಂಟಿಕೊಂಡ ರಸ್ತೆಗಳು ಸಮತಟ್ಟು, ಹೆದ್ದಾರಿ (ಎನ್‌ಎಚ್ 66) ಹಾಗಲ್ಲ. ಮುರಕಲ್ಲಿನ ದಿಬ್ಬ ಹತ್ತುವುದು, ಹೊಳೆಗೆ ಇಳಿಯುವುದು, ಸೇತುವೆ ದಾಟಿ ಮತ್ತೆ ಹತ್ತುವುದು: ದಿನವಿಡೀ ಇದೇ ನಡೆಯುತ್ತದೆ. ಬೈಂದೂರಿನ ಒತ್ತಿನೆಣೆ, ಕಾರವಾರದ ಬಿಣಗಾ ಗುಡ್ಡದಂಥ ಕೆಲವು ಕಡೆ ಏರು ಎಂದು ಗೊತ್ತಾಗಿಯೇ ಗೊತ್ತಾಗುತ್ತದೆ. ಆದರೆ ಹೊಸಬರನ್ನು ಮಲಗಿಸುವುದು ಏರಲ್ಲ, ಸೆಕೆ. ಬಯಲುಸೀಮೆಯಲ್ಲಿ ಆರಾಮವಾಗಿ 100 ಕಿ.ಮೀ. ಹೊಡೆಯುವವರು ಇಲ್ಲಿ ಮೊದಲ ದಿನ 60ಕ್ಕೆ ನಿಲ್ಲಿಸಿದರೆ ಒಳ್ಳೆಯದು. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ, ಎಷ್ಟು ನೀರು ಕುಡಿದರೂ ಅಷ್ಟೇ.

ಯಾವ ತಿಂಗಳಲ್ಲಿ ಬರಬೇಕು? ಮಳೆಗಾಲದಲ್ಲಿ ಹಸಿರು ಚೆನ್ನಾಗಿರುತ್ತಲ್ಲ?

ನವೆಂಬರ್ ನಡುವಿನಿಂದ ಫೆಬ್ರವರಿ ಮುಗಿಯುವವರೆಗೆ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಒಂಬತ್ತಕ್ಕೇ ಸಾಕು ಎನಿಸುತ್ತದೆ.

ಮಳೆಗಾಲದ ಹಸಿರು ನಿಜ, ಅದರ ಜೊತೆ ಬರುವ ಉಳಿದದ್ದೂ ನಿಜ. ಒಳರಸ್ತೆಗಳ ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟುತ್ತದೆ. ಮರದ ನೆರಳಿರುವ ಕಡೆ ಬ್ರೇಕ್ ಮುಟ್ಟಿದ ಕೂಡಲೇ ಮುಂದಿನ ಚಕ್ರ ಜಾರಿಹೋಗುತ್ತದೆ. ರಸ್ತೆಯಂಚಿನ ಮಣ್ಣು ಕೊಚ್ಚಿಹೋಗಿ ಕಾಂಕ್ರೀಟಿಗೂ ನೆಲಕ್ಕೂ ಅರ್ಧ ಅಡಿ ಅಂತರ ಬಿದ್ದಿರುತ್ತದೆ, ಹುಲ್ಲು ಅದನ್ನು ಮುಚ್ಚಿರುತ್ತದೆ. ಕಡಲ್ಕೊರೆತ ಇರುವ ಕಡೆ ಕಡಲ ಬದಿಯ ರಸ್ತೆಯೇ ಅರ್ಧ ಇಲ್ಲವಾಗಬಹುದು. ಗುಡ್ಡ ಕಡಿದು ಅಗಲಿಸಿದ ಹೆದ್ದಾರಿಯ ಪಕ್ಕದಲ್ಲಿ ಮಣ್ಣು ಕುಸಿಯುವ ಅಪಾಯ ಬೇರೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿಯನ್ನೂ ಅಲ್ಲಿ ನಿಂತಿದ್ದವರನ್ನೂ ಗಂಗಾವಳಿಯತ್ತ ನೂಕಿದ್ದು ಎಲ್ಲರಿಗೂ ನೆನಪಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದ ಪ್ರಯಾಣ ಬೇಡ. ಊರಿನವರು ಮಳೆ ಬಿಟ್ಟ ಬೆಳಿಗ್ಗೆ ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಿಕೊಂಡು ಬಂದರೆ ಅದು ಬೇರೆ ಮಾತು.

ಮಂಗಳೂರಿನಿಂದ ಮೇಲೆ ಹೋಗುವುದೋ, ಕಾರವಾರದಿಂದ ಕೆಳಗೆ ಬರುವುದೋ?

ಕಾರವಾರದಿಂದ ಕೆಳಗೆ. ಕಾರಣ ಗಾಳಿ. ಚಳಿಗಾಲದಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿಗೆ ತೆಳುವಾದ ಗಾಳಿ ಇರುತ್ತದೆ, ಅದು ಲೆಕ್ಕಕ್ಕಿಲ್ಲ. ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ಮಧ್ಯಾಹ್ನದ ಕಡಲಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ದಕ್ಷಿಣಕ್ಕೆ ಹೋಗುವವರ ಬೆನ್ನಿಗೆ, ಉತ್ತರಕ್ಕೆ ಹೋಗುವವರ ಮುಖಕ್ಕೆ ಬಡಿಯುತ್ತದೆ. ಸೋತ ಕಾಲಿಗೆ ಈ ವ್ಯತ್ಯಾಸ ದೊಡ್ಡದು.

ಒಂದು ನಷ್ಟ ಇದೆ. ನಾವು ಎಡಬದಿಯಲ್ಲಿ ಹೋಗುವವರು, ಹಾಗಾಗಿ ದಕ್ಷಿಣಕ್ಕೆ ಹೊರಟರೆ ಕಡಲು ನಾಲ್ಕು ಪಥಗಳ ಆಚೆ ಬಲಗಡೆ ಉಳಿಯುತ್ತದೆ. ಕಡಲು ಪಕ್ಕದಲ್ಲೇ ಬೇಕೆನ್ನುವವರು ಉತ್ತರಕ್ಕೆ ಹೋಗಲಿ, ಆದರೆ ಬೆಳಿಗ್ಗೆ ಐದೂವರೆಗೆ ಹೊರಟು ಹನ್ನೊಂದರೊಳಗೆ ಆ ದಿನದ ದೂರ ಮುಗಿಸಲಿ.

ನನ್ನ ಹತ್ರ ಹೈಬ್ರಿಡ್ ಸೈಕಲ್ ಇದೆ. ಇದಕ್ಕೆ ರೋಡ್ ಬೈಕೇ ಬೇಕಾ?

ಬೇಡ. ಇಲ್ಲಿ ಮುಖ್ಯವಾದದ್ದು ಟೈರಿನ ಅಗಲ. 25 ಮಿ.ಮೀ. ಹೆದ್ದಾರಿಗೆ ಸಾಕು, ಒಳರಸ್ತೆಯ ಮರಳು, ಜಲ್ಲಿ, ಕಾಂಕ್ರೀಟ್ ಸಂದುಗಳಿಗೆ ಸಾಲದು. 28ರಿಂದ 32 ಇದ್ದರೆ ಎಲ್ಲ ಕಡೆ ಹೋಗಬಹುದು. 70 ಕಿಲೋ ತೂಕದವರಿಗೆ 28ರ ಟೈರಿನಲ್ಲಿ ಗಾಳಿಯ ಒತ್ತಡ ಹಿಂದೆ 75, ಮುಂದೆ 70 ಪಿಎಸ್‌ಐ. 32ರಲ್ಲಿ ಹಿಂದೆ 60, ಮುಂದೆ 55. ಬ್ಯಾಗು ಕಟ್ಟಿದರೆ ಹಿಂದಕ್ಕೆ ಐದು ಸೇರಿಸಿ. ಟೈರಿನ ಬದಿಯಲ್ಲಿ ಅಚ್ಚಾಗಿರುವ ಗರಿಷ್ಠ ಸಂಖ್ಯೆಯವರೆಗೆ ಗಾಳಿ ತುಂಬಿಸುವ ಚಟ ಬಿಡಿ. ಗಟ್ಟಿ ಟೈರು ಒಳರಸ್ತೆಯಲ್ಲಿ ಕುಣಿಯುತ್ತದೆ, ವೇಗ ಹೆಚ್ಚಿಸುವುದಿಲ್ಲ.

## ದಾರಿಗಳು

ಹೆದ್ದಾರಿ ಮುಟ್ಟದೆ ಕಡಲ ಬದಿಯಲ್ಲೇ ಮಂಗಳೂರಿನಿಂದ ಕಾರವಾರ ತನಕ ಹೋಗಬಹುದಾ?

ಆಗುವುದಿಲ್ಲ. ನಕ್ಷೆ ನೋಡಿ ಎಲ್ಲರೂ ಮೋಸಹೋಗುವುದು ಇಲ್ಲೇ. ಕಡಲ ಬದಿಯ ಪ್ರತಿ ರಸ್ತೆಯೂ ಹತ್ತು, ಹದಿನೈದು ಕಿಲೋಮೀಟರ್ ಹೋಗಿ ಯಾವುದಾದರೂ ಹೊಳೆಯ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆ, ಮುಗಿದುಹೋಗುತ್ತದೆ. ಫಲ್ಗುಣಿ, ಶಾಂಭವಿ, ಉದ್ಯಾವರ ಹೊಳೆ, ಸೀತಾ–ಸುವರ್ಣಾ, ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ: ಇವೆಲ್ಲ ಪಶ್ಚಿಮಕ್ಕೆ ಹರಿಯುವಂಥವು, ನಿಮ್ಮ ದಾರಿ ಉತ್ತರ–ದಕ್ಷಿಣ. ಕುಂದಾಪುರದ ಕೋಡಿಯ ತುದಿಯಲ್ಲಿ ನಿಂತರೆ ಗಂಗೊಳ್ಳಿ ಕೂಗಿದರೆ ಕೇಳುವಷ್ಟು ಹತ್ತಿರ. ರಸ್ತೆಯಲ್ಲಿ ಹೆಮ್ಮಾಡಿ ಸುತ್ತಿ ಹೋಗಲು ಹದಿನೈದು ಕಿಲೋಮೀಟರಿಗೂ ಹೆಚ್ಚು.

ಆದ್ದರಿಂದ ಇಲ್ಲಿ ದಾರಿ ಹಾಕುವ ಕ್ರಮವೇ ಬೇರೆ. ಮೊದಲು ನೀರು ಎಲ್ಲೆಲ್ಲಿ ದಾಟುತ್ತೀರಿ ಎಂದು ಗುರುತು ಮಾಡಿ (ಹೆದ್ದಾರಿ ಸೇತುವೆಯೋ, ಒಳಸೇತುವೆಯೋ, ವಾಹನ ಹತ್ತಿಸುವ ಬಾರ್ಜೋ, ದೋಣಿಯೋ), ಆಮೇಲೆ ಆ ಚುಕ್ಕಿಗಳನ್ನು ಕಡಲ ಬದಿ ರಸ್ತೆಗಳಿಂದ ಜೋಡಿಸಿ. ಮೊಬೈಲಿನ ನಕ್ಷೆ ದೋಣಿ ದಾರಿಯನ್ನು ಚುಕ್ಕಿಗೆರೆಯಲ್ಲಿ ತೋರಿಸುತ್ತದೆ; ಅದನ್ನು ಸೇತುವೆ ಎಂದು ತಿಳಿದು ಸಂಜೆ ಆರಕ್ಕೆ ಹೊಳೆಬದಿಗೆ ಹೋಗಿ ನಿಲ್ಲುವವರು ಪ್ರತಿ ವರ್ಷ ಇರುತ್ತಾರೆ.

ಉಡುಪಿಯಲ್ಲಿ ಅರ್ಧ ದಿನ ಸಿಗುತ್ತೆ. ಒಂದೇ ಒಂದು ಸುತ್ತು ಹೇಳಿ.

ಮಟ್ಟು–ಪಡುಕೆರೆ. ಉಡುಪಿಯಿಂದ ಹೆದ್ದಾರಿಯಲ್ಲಿ ಉದ್ಯಾವರ ದಾಟಿ ಕಟಪಾಡಿಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಕೋಟೆ ಎಂಬ ಊರಿನ ಮೂಲಕ ಮಟ್ಟು ಸೇತುವೆ. ಸೇತುವೆ ದಾಟಿದ ಕೂಡಲೇ ಬಲಕ್ಕೆ ತಿರುಗಿದರೆ ಎಡಗಡೆ ಕಡಲು, ಬಲಗಡೆ ತೆಂಗಿನ ಸಾಲಿನಾಚೆ ಹೊಳೆ. ನಡುವಿನ ನೆಲದ ಪಟ್ಟಿ ಕೆಲವೆಡೆ ಒಂದೆರಡು ಮನೆಯಷ್ಟೇ ಅಗಲ. ಹಾಗೆಯೇ ಉತ್ತರಕ್ಕೆ ಹೋದರೆ ಪಡುಕೆರೆ, ಕೊನೆಗೆ ಸೇತುವೆ ದಾಟಿ ಮಲ್ಪೆ ಬಂದರು. ಮಲ್ಪೆಯಿಂದ ಉಡುಪಿಗೆ ಆರು ಕಿಲೋಮೀಟರ್. ಒಟ್ಟು 30–32 ಕಿ.ಮೀ., ಏರು ಎನ್ನುವಂಥದ್ದು ಇಲ್ಲ.

ಈ ರಸ್ತೆ ಅಂಗಳದ ಮುಂದೆಯೇ ಹಾದುಹೋಗುತ್ತದೆ. ಮಕ್ಕಳು, ಕೋಳಿ, ರಸ್ತೆಯಲ್ಲೇ ಒಣಗಲು ಹರಡಿದ ಬಲೆ ಎಲ್ಲ ಇರುತ್ತವೆ. ಬಲೆಯ ಮೇಲೆ ಸೈಕಲ್ ಹತ್ತಿಸಬೇಡಿ: ನೈಲಾನ್ ದಾರ ಹಿಂದಿನ ಗೇರಿಗೆ ಸುತ್ತಿದರೆ ಗೇರು ಬದಲಿಸುವ ಡೀರೈಲರ್ ಕಿತ್ತುಬರುತ್ತದೆ, ಬಲೆಯವರಿಗೂ ನಷ್ಟ. ಮಲ್ಪೆ ಬಂದರಿನೊಳಗೆ ರಸ್ತೆ ಸದಾ ಒದ್ದೆ, ಸದಾ ಜಾರು, ಅಲ್ಲಿ ಮೆಲ್ಲಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಮಾತ್ರ ಅಲ್ಲಿ ಲಾರಿಗಳ ಗಲಾಟೆ ಕಡಿಮೆ. ಮಟ್ಟುವಿನಲ್ಲಿ ಗುಳ್ಳ ಬದನೆ ಸಿಕ್ಕಿದರೆ ಬ್ಯಾಗಿನಲ್ಲಿ ಜಾಗ ಇಟ್ಟುಕೊಳ್ಳಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ತಳಿ ಅದು.

ಕೋಡಿ ಬೇಂಗ್ರೆಯ ಬಾರ್ಜಿಗೆ ಸೈಕಲ್ ಹತ್ತಿಸ್ತಾರಾ?

ಹತ್ತಿಸುತ್ತಾರೆ, ಸ್ಕೂಟರು ಹತ್ತುವ ಕಡೆ ಸೈಕಲ್ಲಿಗೇನು! ಮಲ್ಪೆಯಿಂದ ತೊಟ್ಟಂ, ಬಡಾನಿಡಿಯೂರು, ಹೂಡೆ ಮೂಲಕ ಕೋಡಿ ಬೇಂಗ್ರೆಗೆ ಬಂದರೆ ಸೀತಾ–ಸುವರ್ಣೆಯರ ಅಳಿವೆ. ಎದುರು ದಡ ಹಂಗಾರಕಟ್ಟೆ. ದಾಟಿ ಸಾಸ್ತಾನಕ್ಕೆ ಬಂದರೆ ಹೆದ್ದಾರಿ. ಬ್ರಹ್ಮಾವರದ ಮೇಲೆ ಉಡುಪಿಗೆ ವಾಪಸಾದರೆ ಸುಮಾರು 45 ಕಿ.ಮೀ. ಸುತ್ತು. ನಡುವೆ ಕೆಮ್ಮಣ್ಣಿಗೆ ಹೊರಳಿದರೆ ಕುದ್ರುವಿಗೆ (ಹೊಳೆ ನಡುವಿನ ನಡುಗಡ್ಡೆ) ಹೋಗುವ ತೂಗುಸೇತುವೆಯೂ ಸಿಗುತ್ತದೆ, ಅಲ್ಲಿ ಸೈಕಲ್ ತಳ್ಳಿಕೊಂಡೇ ನಡೆಯಬೇಕು.

ಬಾರ್ಜಿನ ವಿಷಯದಲ್ಲಿ ನೆನಪಿಡಬೇಕಾದದ್ದು ಉಬ್ಬರ–ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಹೊತ್ತು ದಿನಕ್ಕೆ 50 ನಿಮಿಷದಷ್ಟು ಮುಂದೆ ಸರಿಯುತ್ತದೆ. ಇವತ್ತು ಎಂಟಕ್ಕೆ ಅನುಕೂಲವಾಗಿತ್ತೆಂದು ಮುಂದಿನ ವಾರವೂ ಎಂಟಕ್ಕೇ ಹೋದರೆ ಲೆಕ್ಕ ತಪ್ಪುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಇಳಿತ ಪೂರ್ತಿಯಾದಾಗ ದಡದ ಬಳಿ ಆಳ ಸಾಲದೆ ಕಾಯಬೇಕಾಗಬಹುದು, ಹತ್ತುವ ಹಲಗೆಯೂ ಕಡಿದಾಗಿರುತ್ತದೆ. ಮಳೆಗಾಲದ ನೆರೆಯಲ್ಲಿ ಓಡಾಟ ನಿಲ್ಲಿಸುವುದೂ ಉಂಟು. ಹೊರಡುವ ಮುಂಚೆ ಹೂಡೆಯ ಯಾವುದಾದರೂ ಚಹಾ ಅಂಗಡಿಯಲ್ಲಿ "ಬಾರ್ಜ್ ಉಂಟಾ?" ಎಂದು ಕೇಳಿದರೆ ಸಾಕು, ನಕ್ಷೆಗಿಂತ ಆ ಉತ್ತರ ನಂಬಿಕಸ್ತ.

ಹತ್ತುವಾಗ ಸೈಕಲ್ಲಿನಿಂದ ಇಳಿದು ತಳ್ಳಿ. ಒದ್ದೆ ಕಬ್ಬಿಣದ ಹಲಗೆಯ ಮೇಲೆ ಕ್ಲೀಟ್ ಶೂ (ಪೆಡಲಿಗೆ ಕಚ್ಚಿಕೊಳ್ಳುವ ಶೂ) ಐಸಿನ ಮೇಲೆ ನಡೆದ ಹಾಗೆ. ಸೈಕಲ್ಲನ್ನು ಒರಗಿಸಿ ಬಿಡಬೇಡಿ, ಬ್ರೇಕ್ ಹಿಡಿದು ಕೈಯಲ್ಲೇ ಇಟ್ಟುಕೊಳ್ಳಿ.

ಮರವಂತೆ ಫೋಟೊದಲ್ಲಿ ಕಂಡಷ್ಟೇ ಚೆಂದ ಇದೆಯಾ?

ಕಡಲು ಒಂದು ಪಕ್ಕ, ಸೌಪರ್ಣಿಕಾ ಇನ್ನೊಂದು ಪಕ್ಕ, ನಡುವೆ ರಸ್ತೆ. ಇದೆ. ಆದರೆ ಆ ರಸ್ತೆ ಈಗ ನಾಲ್ಕು ಪಥದ ಹೆದ್ದಾರಿ, ಎರಡನ್ನೂ ಕಾಣುವ ಭಾಗ ಎರಡು ಮೂರು ಕಿಲೋಮೀಟರ್ ಅಷ್ಟೇ. ಕುಂದಾಪುರದಿಂದ ಸುಮಾರು 18 ಕಿ.ಮೀ. ವಾರಾಂತ್ಯದಲ್ಲಿ ಅಂಚಿನಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಬಾಗಿಲು ತೆರೆಯುವುದು ನಿಮ್ಮ ಕಡೆಗೇ. ಬೆಳಿಗ್ಗೆ ಏಳರೊಳಗೆ ಹಾದುಹೋಗಿ.

ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿ ಬಿಟ್ಟರೆ ಬೇರೆ ದಾರಿ?

ಇಡೀ ಕರಾವಳಿಯಲ್ಲಿ ಸೈಕಲ್ಲಿಗೆಂದೇ ಮಾಡಿಟ್ಟಂಥ ದಾರಿ ಇದ್ದರೆ ಅದು ಇದೇ. ಹೆದ್ದಾರಿಯಲ್ಲಿ ಮಿರ್ಜಾನ, ಮಾದನಗೇರಿ ಸುತ್ತಿ ಹೋದರೆ 30 ಕಿ.ಮೀ. ದಾಟುತ್ತದೆ. ಅದರ ಬದಲು ಕುಮಟಾದಿಂದ ಹೊಲನಗದ್ದೆ, ಕಾಗಾಲ ಮೂಲಕ ಅಘನಾಶಿನಿ ಊರಿಗೆ ಬಂದು, ದೋಣಿಯಲ್ಲಿ ತದಡಿಗೆ ದಾಟಿ, ಅಲ್ಲಿಂದ ಗೋಕರ್ಣ. ತುಳಿಯುವ ದೂರ ಇಪ್ಪತ್ತರ ಆಸುಪಾಸು. ದೋಣಿಯವರು ಸೈಕಲ್ ಎತ್ತಿಡಲು ಕೈಕೊಡುತ್ತಾರೆ. ಚೈನಿನ ಬದಿ ಹೊರಗೆ ಬರುವಂತೆ ಇಡಿ, ಇಲ್ಲದಿದ್ದರೆ ಪಕ್ಕದವರ ಪಂಚೆಗೆ ಗ್ರೀಸು.

ಸಂಜೆ ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಕುಮಟಾದಲ್ಲೇ ವಿಚಾರಿಸಿಕೊಂಡು ಹೊರಡಿ. ತಪ್ಪಿದರೆ ಬಂದ ದಾರಿಯೂ ಹೆದ್ದಾರಿಯ ದಾರಿಯೂ ಸೇರಿ ನಲವತ್ತು ಕಿಲೋಮೀಟರ್ ಕತ್ತಲಲ್ಲಿ. ಹೊತ್ತು ಇದ್ದವರು ಮಿರ್ಜಾನ ಕೋಟೆ ಮತ್ತು ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಬಹುದು. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ ನೆಲ ಅದು.

ಕಡಲು ಸಾಕು, ಹೊಳೆ ಬದಿಯಲ್ಲೇ ಒಂದು ದಾರಿ ಬೇಕು.

ಹೊನ್ನಾವರದಿಂದ ಗೇರುಸೊಪ್ಪೆ, ಶರಾವತಿಯ ಬಲದಂಡೆ, ಒಂದು ಕಡೆಗೆ ಸುಮಾರು 30 ಕಿ.ಮೀ. ಅಡಿಕೆ ತೋಟದ ನೆರಳು ದಾರಿಯುದ್ದಕ್ಕೂ ಅಲ್ಲಲ್ಲಿ ಇದೆ. ಇದು ಜೋಗದ ಕಡೆ ಹೋಗುವ ಹೆದ್ದಾರಿ, ಎರಡೇ ಪಥ, ಬಸ್ಸಿನವರಿಗೆ ಸಮಯದ ಒತ್ತಡ. ಗೇರುಸೊಪ್ಪೆ ದಾಟಿದ ಮೇಲೆ ಘಟ್ಟ ಶುರು, ಹೊಸಬರು ಅಲ್ಲಿಂದಲೇ ತಿರುಗಿ.

ಎನ್‌ಎಚ್ 66ರಲ್ಲಿ ಸೈಕಲ್ ತುಳಿಯುವುದು ಸುರಕ್ಷಿತವಾ?

ಅಂಚಿನ ಬಿಳಿ ಗೆರೆಯ ಹೊರಗೆ ಜಾಗ ಇರುವವರೆಗೆ ಪರವಾಗಿಲ್ಲ. ಅಪಾಯ ಇರುವ ಜಾಗಗಳು ಗೊತ್ತಿರಲಿ.

ಮೊದಲನೆಯದು ಮೀನಿನ ಲಾರಿ. ಐಸು ಕರಗಿ ಸೋರುವ ನೀರಿನಲ್ಲಿ ಮೀನಿನ ಜಿಡ್ಡು ಇರುತ್ತದೆ, ತಿರುವಿನಲ್ಲಿ ಅದು ಹೊರ ಅಂಚಿಗೆ ಚೆಲ್ಲುತ್ತದೆ. ರಸ್ತೆ ಒಣಗಿರುವಾಗ ಒಂದು ಕಪ್ಪು ಒದ್ದೆ ಗೆರೆ ಕಂಡರೆ ಅದರ ಮೇಲೆ ಸೈಕಲ್ ಬಾಗಿಸಬೇಡಿ, ಬ್ರೇಕೂ ಹಾಕಬೇಡಿ.

ಎರಡನೆಯದು ಸೇತುವೆ. ಅಲ್ಲಿ ಅಂಚಿನ ಜಾಗ ಮಾಯವಾಗುತ್ತದೆ, ಅಡ್ಡಗಾಳಿ ಏಕಾಏಕಿ ಹೊಡೆಯುತ್ತದೆ, ಕಬ್ಬಿಣದ ಸಂದುಗಳು ಬಾಯಿ ತೆರೆದಿರುತ್ತವೆ. ಸಂದನ್ನು ಓರೆಯಾಗಿ ಅಲ್ಲ, ನೇರವಾಗಿ ದಾಟಿ. ಹಿಂದೆ ನೋಡಿ, ಲಾರಿ ಇಲ್ಲದಾಗ ಎಡಪಥದ ಒಳಗೇ ಬಂದು ಪಥ ಹಿಡಿದು ಸಾಗಿ. ಅಂಚಿಗೆ ಒತ್ತರಿಸಿಕೊಂಡರೆ ಉಳಿದ ಜಾಗದಲ್ಲಿ ನುಗ್ಗಲು ಹಿಂದಿನ ವಾಹನವನ್ನು ನೀವೇ ಕರೆದಂತೆ. ಕಾರವಾರದಾಚೆ ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದ ಮೇಲೆ ವಾಹನಗಳೆಲ್ಲ ಪಕ್ಕದ ಸೇತುವೆಗೆ ಬಂದವು, ಗೋವಾ ಕಡೆ ಹೋಗುವವರು ಬೆಳಿಗ್ಗೆ ಬೇಗ ದಾಟುವುದು ಲೇಸು.

ಸರ್ವಿಸ್ ರಸ್ತೆ ಸುರಕ್ಷಿತ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಎದುರಿನಿಂದ ಬರುವ ದ್ವಿಚಕ್ರಗಳೇ ಅಲ್ಲಿ ಹೆಚ್ಚು. ಕಾರವಾರ–ಬಿಣಗಾ ಸುರಂಗದೊಳಗೆ ಹಗಲಲ್ಲೂ ಮುಂದೆ ಹಿಂದೆ ಲೈಟ್ ಹಾಕಿ, ಕಪ್ಪು ಕನ್ನಡಕ ತೆಗೆಯಿರಿ. ಅರ್ಗಾ ಸುತ್ತ ನೌಕಾನೆಲೆ ಇರುವುದರಿಂದ ಕ್ಯಾಮೆರಾ ಹೊರಗೆ ತೆಗೆಯಬೇಡಿ.

## ಸೈಕಲ್ಲು ಮತ್ತು ಹೊಟ್ಟೆ

ಎರಡು ದಿನ ಬೀಚ್ ರಸ್ತೆಯಲ್ಲಿ ಹೋಗಿ ಬಂದೆ, ಚೈನು ಕೆಂಪಾಗಿದೆ. ಹಾಳಾಯ್ತಾ?

ಮೇಲ್ಮೈ ತುಕ್ಕಾದರೆ ಇಲ್ಲ. ಎಣ್ಣೆ ಬಟ್ಟೆಯಲ್ಲಿ ಒರೆಸಿದಾಗ ಹೋದರೆ ಸರಿ. ಪೆಡಲನ್ನು ಹಿಂದಕ್ಕೆ ತಿರುಗಿಸಿದಾಗ ಕೊಂಡಿಗಳು ಮಡಚಿಕೊಂಡೇ ಉಳಿದರೆ, ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟರೂ ಸಡಿಲವಾಗದಿದ್ದರೆ, ಬದಲಿಸಿ. ಸವೆತ ಅಳೆಯುವ ಗೇಜು 11 ಸ್ಪೀಡಿನಲ್ಲಿ 0.5 ತೋರಿಸಿದರೂ ಅಷ್ಟೇ. ಇನ್ನೂ ಎಳೆದರೆ ಕ್ಯಾಸೆಟ್ಟಿಗೂ (ಹಿಂದಿನ ಹಲ್ಲುಚಕ್ರಗಳ ಗುಂಪು) ದುಡ್ಡು ಹಾಕಬೇಕು.

ಉಪ್ಪು ಗಾಳಿಯಲ್ಲಿ ಓಡಿದ ದಿನವೇ ಮಾಡಬೇಕಾದ ಕೆಲಸ ಇಷ್ಟು. ಬಾವಿ ನೀರನ್ನು ಮಗ್ಗಿನಲ್ಲಿ ನಿಧಾನಕ್ಕೆ ಹುಯ್ದು ಉಪ್ಪು ತೊಳೆಯಿರಿ. ವಾಷಿಂಗ್ ಸೆಂಟರಿನ ಜೋರು ಪೈಪ್ ಹಿಡಿದರೆ ನೀರು ಹಬ್ (ಚಕ್ರದ ಗುಂಬ) ಮತ್ತು ಬಾಟಮ್ ಬ್ರಾಕೆಟ್‌ನ (ಪೆಡಲಿನ ಅಚ್ಚು ಕೂರುವ ಜಾಗ) ಬೇರಿಂಗಿನೊಳಗೆ ಹೋಗಿ ಗ್ರೀಸು ಕೆಡುತ್ತದೆ. ಚೈನನ್ನು ಹಳೆಯ ಬನಿಯನ್ನಿನಲ್ಲಿ ಹಿಡಿದು ಪೆಡಲ್ ತಿರುಗಿಸಿ ಒಣಗಿಸಿ. ಪ್ರತಿ ರೋಲರಿಗೆ ಒಂದೇ ಹನಿ ಲೂಬ್. ಹತ್ತು ನಿಮಿಷ ಬಿಟ್ಟು ಹೊರಗಿನದನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾದದ್ದು ರೋಲರಿನ ಒಳಗೆ. ಹೊರಗೆ ಉಳಿದದ್ದು ಮರಳನ್ನು ಕರೆದು ಅಂಟಿಸಿಕೊಳ್ಳುತ್ತದೆ.

ಸೀಮೆಎಣ್ಣೆಯಲ್ಲಿ ತೊಳೆದು ಹಾಗೇ ಬಿಡುವುದು, ಮನೆಯ ತೆಂಗಿನೆಣ್ಣೆ ಹಚ್ಚುವುದು ಎರಡೂ ಬೇಡ. ಮೊದಲನೆಯದು ಒಳಗಿನ ಎಣ್ಣೆಯನ್ನೂ ತೆಗೆಯುತ್ತದೆ, ಎರಡನೆಯದು ಕೆಲವೇ ದಿನದಲ್ಲಿ ಅಂಟಾಗುತ್ತದೆ. ರಿಮ್ ಬ್ರೇಕ್ ಇದ್ದರೆ ಪ್ಯಾಡಿನಲ್ಲಿ ಸಿಕ್ಕ ಮರಳನ್ನು ಪಿನ್ನಿನಿಂದ ಕೆದಕಿ ತೆಗೆಯಿರಿ, ಇಲ್ಲವಾದರೆ ಪ್ರತಿ ಬ್ರೇಕೂ ರಿಮ್ಮಿಗೆ ಉಜ್ಜುಕಾಗದ.

ಸೀಟ್ ಪೋಸ್ಟ್ ಅಲುಗಾಡ್ತಾನೇ ಇಲ್ಲ. ಏನು ಮಾಡ್ಲಿ?

ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟ್ ಇದ್ದು ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ಕೊರೆದು, ಬಿಳಿ ಪುಡಿಯಾಗಿ ಉಬ್ಬಿ, ಕಚ್ಚಿಕೊಳ್ಳುತ್ತದೆ. ಕ್ಲಾಂಪ್ ಸಡಿಲಿಸಿ, ಸೀಳಿನೊಳಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬೆಳಿಗ್ಗೆ ಸೀಟು ಹಿಡಿದು ಎಡಬಲಕ್ಕೆ ತಿರುಚಿ ನೋಡಿ. ಬಾರದಿದ್ದರೆ ಪೈಪು ಸಿಕ್ಕಿಸಿ ಬಲ ಹಾಕಬೇಡಿ, ಅಂಗಡಿಗೆ ಒಯ್ಯಿರಿ. ಮುಂದೆ ಹೀಗಾಗದಿರಲು ಎರಡು ತಿಂಗಳಿಗೊಮ್ಮೆ ಹೊರಗೆಳೆದು ಒರೆಸಿ ಗ್ರೀಸು ಹಚ್ಚಿ. ಕಾರ್ಬನ್ ಇದ್ದರೆ ಗ್ರೀಸಲ್ಲ, ಕಾರ್ಬನ್ ಪೇಸ್ಟ್.

ಪಂಕ್ಚರ್ ಆದ್ರೆ ಹಳ್ಳಿ ಅಂಗಡಿಯಲ್ಲಿ ಆಗುತ್ತಾ?

ಪ್ಯಾಚ್ ಹಾಕಿಕೊಡುತ್ತಾರೆ, ಟ್ಯೂಬ್ ಸಿಗುವುದಿಲ್ಲ. ಅಲ್ಲಿರುವ ಟ್ಯೂಬಿನ ದಪ್ಪ ವಾಲ್ವ್, ಪ್ರೆಸ್ಟಾ ಎಂಬ ತೆಳು ವಾಲ್ವಿಗೆ ಕೊರೆದ ರಿಮ್ಮಿನ ತೂತಿನಲ್ಲಿ ಹೋಗುವುದೇ ಇಲ್ಲ. ಎರಡು ಟ್ಯೂಬ್, ಪ್ಯಾಚ್ ಕಿಟ್, ಕೈಪಂಪು, ಜೊತೆಗೆ ಹಿತ್ತಾಳೆಯ ಪುಟ್ಟ ವಾಲ್ವ್ ಅಡಾಪ್ಟರ್ ಇಟ್ಟುಕೊಳ್ಳಿ. ಅಡಾಪ್ಟರ್ ಇದ್ದರೆ ಪೆಟ್ರೋಲ್ ಬಂಕಿನ ಗಾಳಿಯೂ ಆಗುತ್ತದೆ, ಚೂರು ಚೂರೇ ಬಿಡಿಸಿಕೊಳ್ಳಿ.

ದಾರಿಯಲ್ಲಿ ಏನು ತಿನ್ನೋದು, ಎಷ್ಟು ಕುಡಿಯೋದು?

ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಬರೀ ನೀರಲ್ಲ: ಮೂರನೇ ಬಾಟಲಿಯಿಂದಾದರೂ ಓಆರ್‌ಎಸ್ ಬೆರೆಸಿ, ಪೊಟ್ಟಣದ ಮೇಲೆ ಬರೆದ ಅಳತೆಯ ನೀರಿನಲ್ಲೇ. ಬೊಂಡ (ಎಳನೀರು) ಒಳ್ಳೆಯದು, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಬೆವರಿನಲ್ಲಿ ಹೋಗುವುದು ಅದೇ. ಬೊಂಡದ ಜೊತೆ ಉಪ್ಪು ಹಾಕಿದ ಮಜ್ಜಿಗೆಯೋ ಪುನರ್ಪುಳಿ ಶರಬತ್ತೋ ಸೇರಿಸಿಕೊಳ್ಳಿ. ಬೆಳಿಗ್ಗೆ ಬನ್ಸ್, ಗೋಳಿಬಜೆ ರುಚಿ ನಿಜ, ಎಣ್ಣೆ ಹೊಟ್ಟೆಯಲ್ಲಿ ಕೂತು ಮುಂದಿನ ಗಂಟೆ ಕಾಡುತ್ತದೆ. ನೀರುದೋಸೆ ಅಥವಾ ಇಡ್ಲಿ ತಿಂದು ಬನ್ಸನ್ನು ಸುತ್ತು ಮುಗಿದ ಮೇಲೆ ಇಟ್ಟುಕೊಳ್ಳಿ. ಮಧ್ಯಾಹ್ನಕ್ಕೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ನೀರು, ಉಪ್ಪು, ಅನ್ನ ಒಂದೇ ಬಟ್ಟಲಲ್ಲಿ.

## ದೂರ ಹೋಗುವವರಿಗೆ

ಕಾರವಾರದಿಂದ ಮಂಗಳೂರಿಗೆ ಎಷ್ಟು ದಿನ ಇಟ್ಟುಕೊಳ್ಳಬೇಕು?

ಸುಮಾರು 270–280 ಕಿ.ಮೀ., ನಾಲ್ಕು ದಿನ. ಕಾರವಾರ–ಕುಮಟಾ 70, ಕುಮಟಾ–ಬೈಂದೂರು 80, ಬೈಂದೂರು–ಉಡುಪಿ 70, ಉಡುಪಿ–ಮಂಗಳೂರು 55ರಿಂದ 60. ಗಟ್ಟಿಗರು ಎರಡು ದಿನದಲ್ಲಿ ಮುಗಿಸುತ್ತಾರೆ, ಆದರೆ ಬರೀ ಹೆದ್ದಾರಿಯಲ್ಲಿ. ಗೋಕರ್ಣ, ಮುರುಡೇಶ್ವರ, ಕಾಸರಕೋಡು, ಮಟ್ಟು ಎಂದು ಒಳಗೆ ಹೋದ ಪ್ರತಿ ಸಲ ಹತ್ತಿಪ್ಪತ್ತು ಕಿಲೋಮೀಟರ್ ಕೂಡುತ್ತದೆ. ಶುಕ್ರವಾರದಿಂದ ಭಾನುವಾರದವರೆಗೆ ಗೋಕರ್ಣದಲ್ಲೂ ಮುರುಡೇಶ್ವರದಲ್ಲೂ ರೂಮು ಕಷ್ಟ. ಕುಮಟಾ, ಹೊನ್ನಾವರದಲ್ಲಿ ಉಳಿಯುವುದು ಹಗುರ.

ಬೆಂಗಳೂರಿನಿಂದ ಸೈಕಲ್ಲನ್ನು ರೈಲಿನಲ್ಲಿ ತರುವುದು ಹೇಗೆ?

ರಾತ್ರಿಯಿಡೀ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗಾದ ಮೇಲೆ ಕಾರವಾರ ಮುಟ್ಟಿಸುತ್ತದೆ, ಗಾಳಿಯ ದಿಕ್ಕಿಗೂ ಅದೇ ಸರಿ. ಎರಡು ಕ್ರಮ ಇವೆ. ಟಿಕೆಟ್ ತೋರಿಸಿ ಪಾರ್ಸೆಲ್ ಕಚೇರಿಯಲ್ಲಿ ಲಗೇಜಾಗಿ ಬುಕ್ ಮಾಡುವುದು ಒಂದು. ಸೈಕಲ್ ರೈಲಿನ ತುದಿಯ ಲಗೇಜ್ ಬೋಗಿಯಲ್ಲಿ ಬರುತ್ತದೆ. ಸಣ್ಣ ನಿಲ್ದಾಣಗಳಲ್ಲಿ ರೈಲು ನಿಲ್ಲುವುದು ಒಂದೆರಡು ನಿಮಿಷ, ಅಷ್ಟರಲ್ಲಿ ಇಳಿಸದಿದ್ದರೆ ಸೈಕಲ್ ಮುಂದಿನ ಊರಿಗೆ. ಹಾಗಾಗಿ ರೈಲು ಕೊನೆಯಾಗುವ ಕಾರವಾರದಲ್ಲೇ ಇಳಿಸಿಕೊಳ್ಳಿ. ಇನ್ನೊಂದು, ಎರಡೂ ಚಕ್ರ ಬಿಚ್ಚಿ ಬ್ಯಾಗಿನಲ್ಲಿ ಹಾಕಿ ಬರ್ತಿನ ಕೆಳಗೆ ತಳ್ಳುವುದು. ಹಿಂದಿನ ಡೀರೈಲರ್ ಬಿಚ್ಚಿ ಬಟ್ಟೆ ಸುತ್ತಿ. ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗಿದರೆ ಕಾರವಾರದಲ್ಲಿ ಗೇರೇ ಬೀಳುವುದಿಲ್ಲ. ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಲು ಮರೆಯಬೇಡಿ.

ಉಡುಪಿಯಿಂದ ಆಗುಂಬೆ ಹತ್ತಬೇಕು. ನನ್ನ ಗೇರು ಸಾಕಾಗುತ್ತಾ?

ಉಡುಪಿಯಿಂದ ಆಗುಂಬೆ ಸುಮಾರು 55 ಕಿ.ಮೀ. ಹೆಬ್ರಿ ದಾಟಿ ಸೋಮೇಶ್ವರದವರೆಗೆ ಏರಿಳಿತ, ಅಲ್ಲಿಂದ ಸುಮಾರು 10 ಕಿ.ಮೀ.ಯಲ್ಲಿ ಹತ್ತಿರ ಹತ್ತಿರ 500 ಮೀಟರ್ ಏರು, 14 ಹಿಮ್ಮುರಿ ತಿರುವು. ತಿರುವಿನ ಒಳಬದಿ ಗೋಡೆಯಂತೆ. ಎದುರು ವಾಹನ ಇಲ್ಲದಿದ್ದರೆ ಹೊರಬದಿಯಿಂದ ಸುತ್ತಿ.

ಗೇರಿನ ಲೆಕ್ಕ ಹೀಗೆ: ಮುಂದೆ 34, ಹಿಂದೆ 32 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ 2.2 ಮೀಟರ್ ಸಾಗುತ್ತೀರಿ. ನಿಮಿಷಕ್ಕೆ 60 ಸುತ್ತಾದರೆ ಗಂಟೆಗೆ 8 ಕಿ.ಮೀ. 36ಕ್ಕೆ 28 ಇದ್ದರೆ ಅದೇ ಸುತ್ತಿಗೆ ಗಂಟೆಗೆ 9.7 ಕಿ.ಮೀ. ವೇಗ ಬೇಕು, ಅಷ್ಟು ಶಕ್ತಿ ಇಲ್ಲದವರಿಗೆ ಸುತ್ತು 45ಕ್ಕೆ ಇಳಿದು ಮಂಡಿ ನೋಯುತ್ತದೆ. ಕ್ಯಾಸೆಟ್ ಬದಲಿಸುವ ಮುನ್ನ ಹಿಂದಿನ ಡೀರೈಲರ್ ಎಷ್ಟು ಹಲ್ಲಿನವರೆಗೆ ತಾಳುತ್ತದೆ ಎಂದು ಅಂಗಡಿಯಲ್ಲಿ ಕೇಳಿ.

ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಹಿಡಿದಿರಬೇಡಿ. ತಿರುವಿಗೆ ಮುಂಚೆ ನೇರ ದಾರಿಯಲ್ಲೇ ಗಟ್ಟಿಯಾಗಿ ಹಾಕಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ರಿಮ್ ಬ್ರೇಕಿನಲ್ಲಿ ಎಡೆಬಿಡದೆ ಹಿಡಿದರೆ ರಿಮ್ ಕಾದು ಟ್ಯೂಬ್ ಸಿಡಿಯುವುದುಂಟು. ತಿರುವುಗಳಲ್ಲಿ ಮಂಗಗಳಿರುತ್ತವೆ, ಹ್ಯಾಂಡಲ್ ಬ್ಯಾಗಿನ ಬಾಳೆಹಣ್ಣು ಅವುಗಳ ಕಣ್ಣಿಗೆ ಬೀಳದಿರಲಿ. ಸೂರ್ಯಾಸ್ತ ನೋಡಿ ಇಳಿಯುತ್ತೇವೆ ಎನ್ನುವ ಯೋಜನೆ ಕಾರಿನವರಿಗೆ ಸರಿ. ಸೂರ್ಯ ಮುಳುಗಿದ ಮೇಲೆ ಅದು ಸೋಮೇಶ್ವರ ಅಭಯಾರಣ್ಯದ ಕತ್ತಲು, ಮಂಜು ಬಂದರೆ ಲೈಟಿನ ಬೆಳಕು ಮುಖಕ್ಕೇ ವಾಪಸ್. ಸೂರ್ಯಾಸ್ತ ಬೇಕೇ ಬೇಕಿದ್ದರೆ ಆಗುಂಬೆಯಲ್ಲೇ ಉಳಿಯಿರಿ, ಇಳಿಯುವುದು ಬೆಳಿಗ್ಗೆ.